'ಬ್ಯಾಡ್ ಬ್ಲಡ್' ಓದಿದವರು ಹೇಳಿ: ಇದು ಸೋತ ಸ್ಟಾರ್ಟಪ್ ಕಥೆಯಾ, ಬರೀ ಮೋಸದ ಕಥೆಯಾ?

ಪುಟದ ಮಡಿಕೆ:

ಥೆರಾನೋಸ್ ಕಂಪನಿ ಬಗ್ಗೆ ಜಾನ್ ಕ್ಯಾರಿರೂ ಬರೆದ 'ಬ್ಯಾಡ್ ಬ್ಲಡ್' ಮುಗಿಸಿದೆ. ಬಂದದ್ದು 2018ರಲ್ಲಿ, ನಾನು ಕೈಗೆತ್ತಿಕೊಂಡದ್ದು ಈಗ. ಸ್ಟಾರ್ಟಪ್ ಮಾಡುವವರು ಓದಲೇಬೇಕಾದ ಪುಸ್ತಕಗಳು ಅಂತ ಯಾರೇ ಪಟ್ಟಿ ಹಾಕಿದರೂ ಇದು ಅದರಲ್ಲಿ ಇದ್ದೇ ಇರುತ್ತದೆ. ಆದರೆ ನೆಟ್ಟಗೆ ಕೆಲಸ ಮಾಡುವ ಕಂಪನಿಯವರು ಇದರಿಂದ ಕಲಿಯುವುದು ಏನಿದೆ? ಸುಳ್ಳು ಹೇಳಬೇಡಿ ಅನ್ನೋದಕ್ಕೆ ಇಷ್ಟು ಪುಟ ಬೇಕಾ?

ಓದದೇ ಇರುವವರಿಗೆ ಕಥೆ ಇಷ್ಟು. ಎಲಿಜಬೆತ್ ಹೋಮ್ಸ್ 2003ರಲ್ಲಿ, 19ರ ವಯಸ್ಸಿನಲ್ಲಿ ಕಂಪನಿ ಶುರು ಮಾಡಿದರು, ಸ್ಟ್ಯಾನ್‌ಫರ್ಡ್ ಓದನ್ನು ಅರ್ಧಕ್ಕೆ ಬಿಟ್ಟರು. ಬೆರಳ ತುದಿ ಚುಚ್ಚಿ ತೆಗೆದ ಒಂದೆರಡು ಹನಿ ರಕ್ತದಲ್ಲೇ ನೂರಾರು ಪರೀಕ್ಷೆ ಮಾಡಿಕೊಡುತ್ತೇವೆ ಅನ್ನುವುದು ಅವರ ಮಾತು. ಆ ಮಾತಿನ ಮೇಲೆ ಕಂಪನಿಗೆ 900 ಕೋಟಿ ಡಾಲರ್ ಬೆಲೆ ಬಂತು. 2015ರ ಅಕ್ಟೋಬರ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಇದೇ ಕ್ಯಾರಿರೂ ವರದಿ ಬಂತು. 2018ರ ಸೆಪ್ಟೆಂಬರ್‌ನಲ್ಲಿ ಕಂಪನಿ ಬಾಗಿಲು ಹಾಕಿತು.

ಹೋಮ್ಸ್ ಸುಳ್ಳು ಹೇಳಿದ್ದು ಎಲ್ಲರಿಗೂ ಗೊತ್ತಿರುವ ವಿಷಯ. ನನ್ನ ತಲೆ ಕೊರೆದದ್ದು ವಾಲ್‌ಗ್ರೀನ್ಸ್ ಭಾಗ. ಅಮೆರಿಕದ ಅಷ್ಟು ದೊಡ್ಡ ಔಷಧಿ ಅಂಗಡಿ ಸರಣಿ, ತಮ್ಮ ಅಂಗಡಿಯಲ್ಲಿ ಥೆರಾನೋಸ್ ಪರೀಕ್ಷೆ ಇಡಬೇಕು ಅಂತ ಹೊರಟವರು, ಲ್ಯಾಬ್ ಬಲ್ಲ ಒಬ್ಬ ಸಲಹೆಗಾರನನ್ನು ದುಡ್ಡು ಕೊಟ್ಟು ಜೊತೆಗೆ ಕರೆದುಕೊಂಡು ಹೋದರು. 2010ರಲ್ಲಿ ಆತ ಪಾಲೊ ಆಲ್ಟೊದ ಥೆರಾನೋಸ್ ಕಚೇರಿಗೆ ಹೋಗಿ ಲ್ಯಾಬ್ ತೋರಿಸಿ ಅಂದ. ತೋರಿಸಲಿಲ್ಲ. ಟಾಯ್ಲೆಟ್‌ಗೆ ಹೋಗಬೇಕು ಅಂದರೆ ಜೊತೆಗೆ ಒಬ್ಬರನ್ನು ಕಳಿಸಿದರು. ನಿಮ್ಮ ಫಲಿತಾಂಶವನ್ನು ಸ್ಟ್ಯಾನ್‌ಫರ್ಡ್ ಆಸ್ಪತ್ರೆಯ ಫಲಿತಾಂಶದ ಜೊತೆ ಇಟ್ಟು ನೋಡೋಣ ಅಂದ. ಅದೂ ಆಗಲಿಲ್ಲ. ಇಲ್ಲೇನೋ ಸರಿ ಇಲ್ಲ ಅಂತ ಆತ ಬಾಯಿ ಬಿಟ್ಟು ಹೇಳಿದ. ವಾಲ್‌ಗ್ರೀನ್ಸ್‌ನವರು ಏನಂದರು ಗೊತ್ತಾ? ನಾವು ಬಿಟ್ಟರೆ ಆರು ತಿಂಗಳಲ್ಲಿ ನಮ್ಮ ಎದುರಾಳಿ ಔಷಧಿ ಅಂಗಡಿ ಸಿವಿಎಸ್‌ನವರು ಹಿಡಿದುಕೊಂಡರೆ ಏನು ಗತಿ ಅಂತ. ಕೊನೆಗೆ ಆ ಸಲಹೆಗಾರನನ್ನೇ ಮೀಟಿಂಗ್‌ಗಳಿಂದ ದೂರ ಇಟ್ಟರು. ನೋಡಲಿಕ್ಕೆ ಅಂತ ಕರೆತಂದವನು ನೋಡಲು ಕೇಳಿದ್ದೇ ತಪ್ಪಾಯಿತು.

ನಿಮಗೆಲ್ಲ ಏನನ್ನಿಸಿತು? ಪುಸ್ತಕ ಇಷ್ಟ ಆಗದವರೂ ಬರೆಯಿರಿ, ಅವರ ಮಾತೇ ಜಾಸ್ತಿ ಬೇಕು.

ರಾತ್ರಿ ಓದು:

ಬಿಸಿನೆಸ್ ಪುಸ್ತಕ ಅಂದರೆ ನಿದ್ದೆ ಬರುವ ನನಗೆ ಇದು ನಿದ್ದೆ ಬಿಡಿಸಿತು. ಪತ್ತೇದಾರಿ ಕಾದಂಬರಿ ಓದಿದ ಹಾಗೆ ಓದಿ ಮುಗಿಸಿದೆ, ಪಾಠ ಗೀಠ ಹುಡುಕಲಿಲ್ಲ. ಎಲ್ಲ ಪುಸ್ತಕದಿಂದಲೂ ಏನಾದರೂ ಕಲಿಯಲೇಬೇಕು ಅನ್ನುವ ಹಟ ಯಾಕೆ?

ಅರ್ಧಕ್ಕೆ ನಿಂತವ:

ಇಷ್ಟ ಆಗದವರು ಬರೆಯಿರಿ ಅಂದಿರಲ್ಲ, ಬಂದೆ. ಅರ್ಧದಲ್ಲಿ ಬಿಟ್ಟಿದ್ದೇನೆ. ಪ್ರತಿ ಅಧ್ಯಾಯದಲ್ಲೂ ಅದೇ ಕಥೆ. ಹೊಸ ಒಬ್ಬ ಉದ್ಯೋಗಿ ಬರುತ್ತಾನೆ. ಹಿಂದೆ ಎಲ್ಲಿ ಕೆಲಸ ಮಾಡಿದ, ಎಷ್ಟು ಬುದ್ಧಿವಂತ ಅಂತ ಒಂದು ಪುಟ. ಮೊದಲು ಹೋಮ್ಸ್ ಮಾತಿಗೆ ಮರುಳಾಗುತ್ತಾನೆ, ಆಮೇಲೆ ಯಂತ್ರ ಕೆಲಸ ಮಾಡುವುದಿಲ್ಲ ಅಂತ ಗೊತ್ತಾಗುತ್ತದೆ, ಕೇಳುತ್ತಾನೆ, ಕೆಲಸ ಹೋಗುತ್ತದೆ, ಬಾಯಿ ಮುಚ್ಚಿಕೊಂಡಿರುತ್ತೇನೆ ಅಂತ ಕಾಗದಕ್ಕೆ ಸಹಿ ಹಾಕಿಸಿಕೊಂಡು ಕಳಿಸುತ್ತಾರೆ. ಮುಂದಿನ ಅಧ್ಯಾಯಕ್ಕೆ ಇನ್ನೊಬ್ಬ. ಯಾರು ಯಾರು ಅಂತ ನೆನಪಿಡಲು ನಾನೇ ಒಂದು ಹಾಳೆಯಲ್ಲಿ ಹೆಸರು ಬರೆದುಕೊಳ್ಳುತ್ತಿದ್ದೆ, ಅದೂ ಸಾಕಾಗಿ ಬಿಟ್ಟೆ. ಲೇಖಕರು 150ಕ್ಕೂ ಜಾಸ್ತಿ ಜನರನ್ನು ಮಾತಾಡಿಸಿದ್ದಾರಂತೆ. ಒಪ್ಪಿದೆ, ದೊಡ್ಡ ಕೆಲಸ. ಹಾಗಂತ ಅಷ್ಟೂ ಜನರನ್ನು ನನ್ನ ಮುಂದೆ ತಂದು ನಿಲ್ಲಿಸಬೇಕಾ?

ಪುಟದ ಮಡಿಕೆ:

ಹೆಸರಿನ ಕಾಟ ನನಗೂ ಆಯಿತು. ಆದರೆ ಅದೇ ಕಥೆ ಮತ್ತೆ ಮತ್ತೆ ಬರುವುದರಿಂದಲೇ ನನಗೆ ಭಯ ಹುಟ್ಟಿತು. ಒಬ್ಬಿಬ್ಬರಲ್ಲ, ವರ್ಷಗಟ್ಟಲೆ, ಒಬ್ಬರಾದ ಮೇಲೆ ಒಬ್ಬರು ಅದೇ ಪ್ರಶ್ನೆ ಕೇಳಿ ಹೊರಗೆ ಹೋಗಿದ್ದಾರೆ. ಮೊದಲೇ ಹೋದವರು ಏನು ಕಂಡರು ಅಂತ ಆಮೇಲೆ ಬಂದವರಿಗೆ ಗೊತ್ತೇ ಇರುತ್ತಿರಲಿಲ್ಲ. ಆ ಕಾಗದದ ಕೆಲಸವೇ ಅದು.

ಲ್ಯಾಬ್ ಮೇಜು:

ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲೇ ಕೆಲಸ ಮಾಡುವವಳು. ಬೇರೆಯವರಿಗೆ ಪತ್ತೇದಾರಿ ಕಥೆಯಾಗಿ ಕಂಡದ್ದು ಓದುವಾಗ ನನಗೆ ಮೈ ಉರಿಸಿತು. ಬೆರಳಿನ ರಕ್ತ ಅಂದರೆ ಏನು ಅಂತ ಸ್ವಲ್ಪ ಹೇಳುತ್ತೇನೆ, ಆಮೇಲೆ ಆ ಅಧ್ಯಾಯಗಳನ್ನು ಇನ್ನೊಮ್ಮೆ ನೋಡಿ.

ತೋಳಿನ ರಕ್ತನಾಳಕ್ಕೆ ಸೂಜಿ ಹಾಕಿದರೆ ರಕ್ತ ತಾನಾಗಿ ಟ್ಯೂಬಿಗೆ ಇಳಿಯುತ್ತದೆ. ಬೆರಳು ಚುಚ್ಚಿದರೆ ಒಂದು ಹನಿ ಬಂದು ನಿಲ್ಲುತ್ತದೆ. ಇನ್ನೂ ಬೇಕು ಅಂದರೆ ಬೆರಳು ಹಿಂಡಬೇಕು. ಹಿಂಡಿದರೆ ಕೆಂಪು ರಕ್ತಕಣ ಒಡೆಯುತ್ತವೆ, ಚರ್ಮದ ಕೆಳಗಿನ ನೀರೂ ಬೆರೆಯುತ್ತದೆ. ದೇಹದ ಪೊಟ್ಯಾಶಿಯಂ ಇರುವುದೇ ಹೆಚ್ಚಾಗಿ ಕಣಗಳ ಒಳಗೆ. ಕಣ ಒಡೆದರೆ ಅದು ಹೊರಗೆ ಬಂದು ರಿಪೋರ್ಟಿನಲ್ಲಿ ಪೊಟ್ಯಾಶಿಯಂ ಜಾಸ್ತಿ ಅಂತ ಬರುತ್ತದೆ. ನಿಜವಾಗಲೂ ಅಷ್ಟು ಪೊಟ್ಯಾಶಿಯಂ ಇದ್ದವರ ಹೃದಯ ನಿಂತೇ ಹೋಗಬಹುದು, ಹಾಗಾಗಿ ಆ ಸಂಖ್ಯೆ ಕಂಡ ಡಾಕ್ಟರ್ ಸುಮ್ಮನೆ ಕೂರುವ ಹಾಗಿಲ್ಲ. ಥೆರಾನೋಸ್ ಲ್ಯಾಬಿನಲ್ಲಿ ಕೆಲವು ಸಲ ಎಂಥ ಪೊಟ್ಯಾಶಿಯಂ ಬರುತ್ತಿತ್ತು ಅಂದರೆ, ಅದು ನಿಜವೇ ಆಗಿದ್ದರೆ ಆ ರೋಗಿ ಬದುಕಿರಲು ಸಾಧ್ಯವೇ ಇರಲಿಲ್ಲ. ಇದು ಪುಸ್ತಕದಲ್ಲೇ ಇದೆ.

ಇನ್ನು ಎಡಿಸನ್, ಥೆರಾನೋಸ್‌ನವರು ತಾವೇ ಮಾಡಿದ ಪರೀಕ್ಷೆಯ ಯಂತ್ರ. ಅದರೊಳಗಿನ ತೋಳು ಅಂಟು ಹಾಕುವ ರೋಬೋಟ್‌ನಿಂದ ಬಂದದ್ದು ಅಂತ ಓದಿ ತುಂಬಾ ಜನ ನಗುತ್ತಾರೆ. ನಾನು ನಗಲಿಲ್ಲ. ದ್ರವ ಹೀರಿ ಬಿಡುವ ಪೈಪೆಟ್ ಹಿಡಿದು ಮೇಲೆ ಕೆಳಗೆ, ಅತ್ತ ಇತ್ತ ಓಡಾಡುವ ಕೆಲಸಕ್ಕೆ ಆ ರೋಬೋಟ್ ಸಾಕು, ಅದು ಜಾಣತನವೇ. ತೊಂದರೆ ಬೇರೆ ಕಡೆ ಇತ್ತು. ಎಡಿಸನ್ ಒಂದೇ ಬಗೆಯ ಪರೀಕ್ಷೆ ಮಾಡುತ್ತಿತ್ತು, ಹಾರ್ಮೋನ್, ವಿಟಮಿನ್ ಡಿ ಅಂಥವು, ಅದೂ ಹತ್ತು ಹನ್ನೆರಡು. ಪಟ್ಟಿಯಲ್ಲಿ ಇದ್ದದ್ದು ಇನ್ನೂರಕ್ಕೂ ಜಾಸ್ತಿ. ಉಳಿದದ್ದೆಲ್ಲ ಎಲ್ಲ ಲ್ಯಾಬಿನಲ್ಲೂ ಇರುವ ಸೀಮೆನ್ಸ್‌ನಂಥ ದೊಡ್ಡ ಯಂತ್ರಗಳಲ್ಲಿ ಆಗುತ್ತಿತ್ತು.

ಅರ್ಧಕ್ಕೆ ನಿಂತವ:

ಮೇಡಂ, ಸೀಮೆನ್ಸ್ ಯಂತ್ರದಲ್ಲಿ ಮಾಡಿದರೆ ಫಲಿತಾಂಶ ಸರಿ ಬರಬೇಕಲ್ವಾ? ಆಗ ಏನು ನಷ್ಟ?

ಲ್ಯಾಬ್ ಮೇಜು:

ಆ ಯಂತ್ರ ಮಾಡಿದ್ದು ಟ್ಯೂಬಿನಲ್ಲಿ ತಂದ ರಕ್ತಕ್ಕೆ. ಇವರ ಹತ್ತಿರ ಇದ್ದದ್ದು ಬೆರಳಿನ ನಾಲ್ಕು ಹನಿ. ಅಷ್ಟು ಕಡಿಮೆ ಇದ್ದರೆ ಯಂತ್ರದ ಸೂಜಿ ಮುಟ್ಟುವುದೇ ಇಲ್ಲ. ಅದಕ್ಕೆ ಏನು ಮಾಡಿದರು? ಸ್ಯಾಂಪಲ್‌ಗೆ ದ್ರಾವಣ ಬೆರೆಸಿ ತೆಳು ಮಾಡಿ ಪ್ರಮಾಣ ಹೆಚ್ಚಿಸಿದರು. ಯಂತ್ರ ತನ್ನ ಕೆಲಸದಲ್ಲಿ ತಾನೂ ಒಮ್ಮೆ ತೆಳು ಮಾಡುತ್ತದೆ. ಹೀಗೆ ಎರಡು ಸಲ ತೆಳುವಾದ ಮೇಲೆ, ಅಳೆಯಬೇಕಾದ ವಸ್ತು ಎಷ್ಟು ಕಡಿಮೆ ಆಗುತ್ತದೆ ಅಂದರೆ ಯಂತ್ರ ನಂಬಿಕೆಯಿಂದ ಅಳೆಯಬಲ್ಲ ಮಿತಿಗಿಂತ ಕೆಳಗೆ ಹೋಗುತ್ತದೆ. ಆಮೇಲೆ ಬಂದ ಸಂಖ್ಯೆಯನ್ನು ಗುಣಿಸಿ ಮೇಲೆ ತರುವುದು. ಸಣ್ಣ ತಪ್ಪೂ ಜೊತೆಗೇ ಗುಣಿಸಿಕೊಂಡು ಬರುತ್ತದೆ.

ಇನ್ನೊಂದು, ಇದು ನಮ್ಮ ಕೆಲಸದವರಿಗೆ ಮಾತ್ರ ಚುಚ್ಚುವ ವಿಷಯ ಇರಬಹುದು. ದಿನಾ ಬೆಳಿಗ್ಗೆ ರೋಗಿಗಳ ಸ್ಯಾಂಪಲ್ ಹಾಕುವ ಮುಂಚೆ ಕಂಟ್ರೋಲ್ ಹಾಕುತ್ತೇವೆ. ಉತ್ತರ ಗೊತ್ತಿರುವ ಸ್ಯಾಂಪಲ್ ಅದು. ಯಂತ್ರ ಆ ಉತ್ತರ ಕೊಡದಿದ್ದರೆ ಅವತ್ತು ಆ ಪರೀಕ್ಷೆ ಬಂದ್, ಯಾಕೆ ಅಂತ ಕಂಡುಹಿಡಿಯುವವರೆಗೂ ರಿಪೋರ್ಟ್ ಹೋಗುವ ಹಾಗಿಲ್ಲ. ಎರಿಕಾ ಚಂಗ್ ಅನ್ನುವ ಹುಡುಗಿ, ಕಾಲೇಜು ಮುಗಿಸಿ ಆಗಷ್ಟೇ ಸೇರಿದವಳು, ಕಂಟ್ರೋಲ್ ಫೇಲ್ ಆಗುತ್ತಿದೆ ಅಂತ ಹೇಳುತ್ತಾಳೆ. ಅಲ್ಲಿ ಮಾಡುತ್ತಿದ್ದದ್ದು ಏನು? ಹೊಂದದ ಅಂಕಿಗಳನ್ನು ತೆಗೆದು ಹಾಕಿ ಹೊಂದುವವನ್ನು ಇಟ್ಟುಕೊಳ್ಳುವುದು. ಅವಳಿಗೆ ಅನುಭವ ಇರಲಿಲ್ಲ, ಆದರೂ ಅವಳಿಗೆ ಗೊತ್ತಾಯಿತು. ಅನುಭವ ಇದ್ದವರು ಏನು ಮಾಡುತ್ತಿದ್ದರು ಅಂತ ನಾನು ಪುಸ್ತಕದ ಉದ್ದಕ್ಕೂ ಕೇಳಿಕೊಂಡೆ.

ಕೋಡ್ ಸಾಕು:

ನಾನು ಸಾಫ್ಟ್‌ವೇರ್ ಸ್ಟಾರ್ಟಪ್‌ನಲ್ಲಿ ಇದ್ದೇನೆ, ಹೀಗಾಗಿ ಸ್ವಲ್ಪ ಉಲ್ಟಾ ಮಾತಾಡುತ್ತೇನೆ, ಬೈಯಬೇಡಿ.

ಪುಸ್ತಕ ಶುರುವಾಗುವುದೇ 2006ರ ಡೆಮೋದಿಂದ. ಸ್ವಿಟ್ಜರ್‌ಲೆಂಡ್‌ನಲ್ಲಿ ನೊವಾರ್ಟಿಸ್ ಕಂಪನಿಯವರ ಮುಂದೆ ಯಂತ್ರ ತೋರಿಸಬೇಕು, ಯಂತ್ರ ಒಮ್ಮೆ ನಡೆದರೆ ಒಮ್ಮೆ ನಡೆಯಲ್ಲ, ಅದಕ್ಕೆ ಮೊದಲೇ ರೆಕಾರ್ಡ್ ಮಾಡಿಟ್ಟ ಫಲಿತಾಂಶ ಪರದೆ ಮೇಲೆ ಬರುವ ಹಾಗೆ ಮಾಡಿಟ್ಟಿದ್ದರು. ಕಂಪನಿಯ ಹಣಕಾಸು ನೋಡಿಕೊಳ್ಳುತ್ತಿದ್ದವರು ಇದು ಸರಿಯಲ್ಲ ಅಂದದ್ದಕ್ಕೆ ಅವರನ್ನು ಅಲ್ಲೇ, ಆಗಲೇ ಮನೆಗೆ ಕಳಿಸಿದರು. ಓದಿದವರೆಲ್ಲ ಇಲ್ಲಿ ಅಯ್ಯೋ ಅನ್ನುತ್ತಾರೆ. ನಾನೂ ಅಂದೆ. ಆದರೆ ನಮ್ಮ ಕ್ಷೇತ್ರದಲ್ಲಿ ಡೆಮೋ ಅಂದರೆ ಏನು ಅಂತ ಕೆಲಸ ಮಾಡುವವರಿಗೆ ಗೊತ್ತು. ಬಟನ್ ಇರುತ್ತದೆ, ಹಿಂದೆ ಏನೂ ಇರಲ್ಲ. ಪಟ್ಟಿಯಲ್ಲಿ ಹತ್ತು ಹೆಸರು ಕಾಣುತ್ತವೆ, ಅವು ನಾವೇ ಟೈಪ್ ಮಾಡಿ ಹಾಕಿದ್ದು. ಇನ್ನು ಆರು ತಿಂಗಳಲ್ಲಿ ಆಗುತ್ತದೆ ಅಂತ ನಂಬಿಕೊಂಡೇ ಇಂದು ಆಗಿದೆ ಅಂತ ತೋರಿಸುತ್ತೇವೆ. ಇದು ತಪ್ಪಲ್ಲ ಅಂತ ಹೇಳುತ್ತಿಲ್ಲ. ಗೆರೆ ಎಲ್ಲಿ ಅಂತ ಪುಸ್ತಕ ಹೇಳಲ್ಲ ಅನ್ನುವುದೇ ನನ್ನ ದೂರು. ಹೋಮ್ಸ್ ಮೊದಲ ದಿನದಿಂದಲೂ ಹೀಗೇ ಅಂತ ತೋರಿಸಿಬಿಟ್ಟರೆ ನಮ್ಮಂಥವರಿಗೆ ಸುಲಭ, ಅವರು ಬೇರೆ ಜಾತಿ ನಾವು ಬೇರೆ ಅಂತ ಪುಸ್ತಕ ಮುಚ್ಚಿಡಬಹುದು.

ಲ್ಯಾಬ್ ಮೇಜು:

ಗೆರೆ ಪುಸ್ತಕದಲ್ಲಿ ಇದೆ. 2013ರ ಸೆಪ್ಟೆಂಬರ್. ವಾಲ್‌ಗ್ರೀನ್ಸ್ ಅಂಗಡಿಯಲ್ಲಿ ನಿಜವಾದ ಜನರ ಬೆರಳು ಚುಚ್ಚಲು ಶುರು ಮಾಡಿದ ತಿಂಗಳು. ಅದಕ್ಕೂ ಮುಂಚೆ ಬೇಡ, ಇನ್ನೂ ಸಿದ್ಧ ಇಲ್ಲ ಅಂತ ಒಳಗಿನವರೇ ಹೇಳಿದ್ದರು. ನಿಮ್ಮ ಬಟನ್ ಕೆಲಸ ಮಾಡದಿದ್ದರೆ ಯಾರೋ ಸಿಟ್ಟಾಗುತ್ತಾರೆ. ಇಲ್ಲಿ ಒಬ್ಬ ಗರ್ಭಿಣಿಗೆ ನಿಮ್ಮ ಗರ್ಭ ಉಳಿಯುತ್ತಿಲ್ಲ ಅನ್ನುವ ಅರ್ಥದ ರಿಪೋರ್ಟ್ ಹೋಗಿತ್ತು. ಮಗು ಚೆನ್ನಾಗಿಯೇ ಇತ್ತು. ಆಮೇಲೆ ಕೋರ್ಟಿನಲ್ಲಿ ಆಕೆ ಸಾಕ್ಷಿ ಹೇಳಿದರು.

ಕೋಡ್ ಸಾಕು:

ಆಯ್ತು, ಈ ಗೆರೆ ಒಪ್ಪಿದೆ. ಆದರೆ 2006ರಿಂದ 2013ರವರೆಗೆ ಏಳು ವರ್ಷ ಅದರ ಕಡೆಗೇ ನಡೆದುಕೊಂಡು ಬಂದಿದ್ದಾರಲ್ಲ, ಆ ನಡಿಗೆ ನನಗೆ ಪರಿಚಯದ್ದು ಅನ್ನಿಸಿತು. ಅಷ್ಟೇ ನಾನು ಹೇಳಿದ್ದು.

ಲೆಕ್ಕದ ಕನ್ನಡಕ:

ನಾನು ಆಡಿಟ್ ಕಡೆಯವನು. ಸ್ಟಾರ್ಟಪ್‌ನವರಿಗೆ ಪಾಠ ಇಲ್ಲ ಅಂದಿರಿ ಮೊದಲ ಪೋಸ್ಟಿನಲ್ಲಿ, ಒಪ್ಪಲ್ಲ. ದುಡ್ಡು ಹಾಕುವವರಿಗೂ ಬೋರ್ಡಿನಲ್ಲಿ ಕೂರುವವರಿಗೂ ಇದಕ್ಕಿಂತ ಒಳ್ಳೆಯ ಪುಸ್ತಕ ಇಲ್ಲ.

2014ರಲ್ಲಿ 10 ಕೋಟಿ ಡಾಲರ್‌ಗೂ ಜಾಸ್ತಿ ಆದಾಯ ಬರುತ್ತದೆ ಅಂತ ಹೂಡಿಕೆದಾರರಿಗೆ ಹೇಳಿದ್ದರು. ನಿಜವಾಗಿ ಬಂದದ್ದು ಒಂದು ಲಕ್ಷ ಡಾಲರ್‌ಗಿಂತ ಸ್ವಲ್ಪ ಜಾಸ್ತಿ. ಅಮೆರಿಕದ ಷೇರು ನಿಯಂತ್ರಣ ಸಂಸ್ಥೆ ಎಸ್‌ಇಸಿ 2018ರ ಮಾರ್ಚ್‌ನಲ್ಲಿ ಹಾಕಿದ ದೂರಿನಲ್ಲಿ ಇರುವ ಅಂಕಿ ಇದು. ಆಡಿಟ್ ಆದ ಲೆಕ್ಕಪತ್ರ ಕೊಡಿ ಅಂತ ಒಂದು ಸಾಲಿನ ಮೇಲ್ ಕಳಿಸಿದ್ದರೆ ಸಾಕಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ವರ್ಷಗಟ್ಟಲೆ ಆಡಿಟ್ ಆದ ಲೆಕ್ಕವೇ ಇಲ್ಲದ ಕಂಪನಿಗೆ 70 ಕೋಟಿ ಡಾಲರ್‌ಗಿಂತ ಜಾಸ್ತಿ ಹೋಯಿತು. ಯಾರದು? ವಾಲ್‌ಮಾರ್ಟ್‌ನ ವಾಲ್ಟನ್ ಕುಟುಂಬ 15 ಕೋಟಿ, ಪತ್ರಿಕೆಗಳ ಒಡೆಯ ರೂಪರ್ಟ್ ಮರ್ಡೋಕ್ 12.5 ಕೋಟಿ, ಡಿವೋಸ್ ಕುಟುಂಬ 10 ಕೋಟಿ. ಗಮನಿಸಿ, ವೈದ್ಯಕೀಯ ಕಂಪನಿಗಳಿಗೇ ದುಡ್ಡು ಹಾಕುವ, ಆ ವಿಷಯ ಬಲ್ಲ ಫಂಡ್‌ಗಳ ಹೆಸರು ಈ ಪಟ್ಟಿಯಲ್ಲಿ ಹುಡುಕಿದರೂ ಸಿಗಲ್ಲ. 2004ರಲ್ಲೇ ಅಂಥ ಒಂದು ಫಂಡಿನವರು ಕೂರಿಸಿಕೊಂಡು ಪ್ರಶ್ನೆ ಕೇಳಿದಾಗ ಹೋಮ್ಸ್ ಎದ್ದು ಹೋದರು ಅಂತ ಪುಸ್ತಕದಲ್ಲಿ ಇದೆ. ಪ್ರಶ್ನೆ ಕೇಳಲು ಗೊತ್ತಿಲ್ಲದವರ ಹತ್ತಿರ ಆಮೇಲೆ ಹೋದದ್ದು.

ಇನ್ನು ಬೋರ್ಡ್. ಜಾರ್ಜ್ ಶುಲ್ಟ್ಸ್, ಹೆನ್ರಿ ಕಿಸಿಂಜರ್, ಜೇಮ್ಸ್ ಮ್ಯಾಟಿಸ್, ಮಾಜಿ ಮಂತ್ರಿಗಳು, ಸೇನೆಯವರು, ಸೆನೆಟರ್‌ಗಳು. ಎಲ್ಲರೂ ಇವರನ್ನು ಗೇಲಿ ಮಾಡುತ್ತಾರೆ, ಕಿಸಿಂಜರ್‌ಗೆ ರಕ್ತ ಪರೀಕ್ಷೆ ಬಗ್ಗೆ ಏನು ಗೊತ್ತು ಅಂತ. ಗೇಲಿ ಸರಿ, ಆದರೆ ಅದಕ್ಕಿಂತ ಮುಖ್ಯವಾದದ್ದನ್ನು ಬಿಟ್ಟು ಓದುತ್ತಾರೆ. 2013ರ ಡಿಸೆಂಬರ್‌ನಲ್ಲಿ ಹೋಮ್ಸ್ ತಮ್ಮ ಪ್ರತಿ ಷೇರಿಗೂ 100 ಮತ ಬರುವ ಹಾಗೆ ಮಾಡಿಕೊಂಡರು. ಶೇ 99.7 ಮತ ಅವರ ಕೈಯಲ್ಲಿ. ಆಮೇಲೆ ಆ ಬೋರ್ಡಿನಲ್ಲಿ ಯಾರು ಕೂತರೇನು, ಯಾರು ಎದ್ದರೇನು? ಕೈ ಎತ್ತಿದರೂ ಎಣಿಕೆಗೆ ಬರಲ್ಲ. ಅಷ್ಟು ದೊಡ್ಡ ಮನುಷ್ಯರು ಆ ಕಾಗದ ಓದಿ ಸರಿ ಅಂದು ಕೂತೇ ಇದ್ದರು.

ಇದಕ್ಕೂ ಮುಂಚೆ ಬೋರ್ಡಿಗೆ ನಿಜವಾದ ಅಧಿಕಾರ ಇದ್ದಾಗ ಏನಾಯಿತು ನೋಡಿ. 2007ರಲ್ಲಿ, ಹಿಂದೆ ಆಪಲ್‌ನಲ್ಲಿ ಸಾಫ್ಟ್‌ವೇರ್ ಮುಖ್ಯಸ್ಥರಾಗಿದ್ದ ಎವಿ ಟೆವೇನಿಯನ್ ಬೋರ್ಡಿನಲ್ಲಿದ್ದರು. ಆದಾಯದ ಅಂದಾಜು ಮೀಟಿಂಗ್‌ನಿಂದ ಮೀಟಿಂಗ್‌ಗೆ ಬದಲಾಗುತ್ತಿದೆ ಯಾಕೆ, ಒಪ್ಪಂದದ ಕಾಗದ ತೋರಿಸಿ ಅಂತ ಕೇಳಿದರು. ಹೊರಗೆ ಹೋದರು. 2008ರಲ್ಲಿ ಇಬ್ಬರು ಹಿರಿಯ ಉದ್ಯೋಗಿಗಳು ಬಂದು ಹೇಳಿದ ಮೇಲೆ ಬೋರ್ಡ್ ಹೋಮ್ಸ್‌ರನ್ನು ಸಿಇಒ ಸ್ಥಾನದಿಂದ ಇಳಿಸಲು ತೀರ್ಮಾನಿಸಿತು. ಹೌದು, ತೀರ್ಮಾನವೇ ಆಗಿತ್ತು! ಅವರನ್ನು ಕರೆದು ಹೇಳಿದರು. ಹೋಮ್ಸ್ ಸುಮಾರು ಎರಡು ಗಂಟೆ ಮಾತಾಡಿದರು, ತಿದ್ದಿಕೊಳ್ಳುತ್ತೇನೆ ಅಂದರು. ಬೋರ್ಡ್ ಕರಗಿತು. ದೂರು ತಂದ ಇಬ್ಬರೂ ಕೆಲವೇ ವಾರದಲ್ಲಿ ಕೆಲಸ ಕಳೆದುಕೊಂಡರು. ಕಂಪನಿ ಆಗಿನ್ನೂ ಅಂಗಡಿಗಳಲ್ಲಿ ಜನರ ರಕ್ತ ಪರೀಕ್ಷೆ ಶುರು ಮಾಡಿರಲಿಲ್ಲ. ಕೋಡ್ ಸಾಕು ಅವರು ಹೇಳಿದ ಏಳು ವರ್ಷದ ನಡಿಗೆಯಲ್ಲಿ ನಿಲ್ಲಿಸಲು ಸಿಕ್ಕ ಒಳ್ಳೆಯ ಜಾಗ ಅದು.

ರಾತ್ರಿ ಓದು:

ಲೆಕ್ಕದವರು ಬಂದು ನನ್ನ ಪತ್ತೇದಾರಿ ಕಾದಂಬರಿಯನ್ನು ಪರೀಕ್ಷೆಯ ಪಠ್ಯ ಮಾಡಿಬಿಟ್ಟರು. ಆದರೂ ಆ 99.7 ನಾನು ಗಮನಿಸಿಯೇ ಇರಲಿಲ್ಲ, ಥ್ಯಾಂಕ್ಸ್ ಸರ್.

ಅರ್ಧಕ್ಕೆ ನಿಂತವ:

ವಾಲ್ಟನ್, ಮರ್ಡೋಕ್ ಇವರ ದುಡ್ಡು ಹೋಯಿತು ಅಂತ ನನಗಂತೂ ನಿದ್ದೆ ಕೆಡಲ್ಲ. ಇನ್ನೊಂದು ಮಾತು. ಪುಸ್ತಕ ಹೋಮ್ಸ್ ಅವರ ಕಪ್ಪು ಟರ್ಟಲ್‌ನೆಕ್, ದಪ್ಪ ಧ್ವನಿ, ಕಣ್ಣು ಮಿಟುಕಿಸದೆ ನೋಡುವುದು, ಕಂಪನಿಯ ನಂಬರ್ 2 ಆಗಿದ್ದ ಬಲ್ವಾನಿ ಜೊತೆಗಿನ ಸಂಬಂಧ ಇದನ್ನೆಲ್ಲ ಎಳೆಯುತ್ತಲೇ ಇರುತ್ತದೆ. ಇದೇ ಮೋಸ ಗಂಡಸು ಮಾಡಿದ್ದರೆ ಅವನ ಧ್ವನಿ ಬಗ್ಗೆ ಇಷ್ಟು ಬರೆಯುತ್ತಿದ್ದರಾ?

ಹಳೇ ಡೆಸ್ಕ್:

ಬಲ್ವಾನಿ ಸಂಬಂಧ ಬರೆಯಲೇಬೇಕಿತ್ತು. ಕಂಪನಿಯ ನಂಬರ್ 1 ಮತ್ತು ನಂಬರ್ 2 ಒಟ್ಟಿಗೆ ಬಾಳುತ್ತಿದ್ದರು, ಅದನ್ನು ಬೋರ್ಡಿಗೆ ಹೇಳಿರಲಿಲ್ಲ. ಇದು ಗಾಸಿಪ್ ಅಲ್ಲ, ಸುದ್ದಿ. ಧ್ವನಿ ವಿಷಯಕ್ಕೆ ನಿಮ್ಮ ಜೊತೆ ಇದ್ದೇನೆ, ಒಂದು ಸಲ ಸಾಕಿತ್ತು.

ನಾನು ಪತ್ರಿಕೆ ಕೆಲಸ ಮಾಡಿದವನು, ಹೀಗಾಗಿ ಕೊನೆಯ ಮೂರನೇ ಒಂದು ಭಾಗ ನನಗೆ ಬೇರೆಯೇ ರುಚಿ ಕೊಟ್ಟಿತು. ಅಲ್ಲಿಯವರೆಗೂ ಲೇಖಕ ಕಾಣುವುದೇ ಇಲ್ಲ, ಇದ್ದಕ್ಕಿದ್ದ ಹಾಗೆ 'ನಾನು' ಅಂತ ಒಳಗೆ ಬರುತ್ತಾರೆ. ಕೆಲವರಿಗೆ ಇದು ಕಿರಿಕಿರಿ ಅಂತ ಕೇಳಿದ್ದೇನೆ. ನನಗೆ ಸರಿ ಅನ್ನಿಸಿತು. ಅವರು ಕಥೆಗೆ ಬಂದದ್ದೇ ಆವಾಗ, ಮೊದಲಿಂದ ಇದ್ದ ಹಾಗೆ ಬರೆದಿದ್ದರೆ ನಾಟಕ ಆಗುತ್ತಿತ್ತು. ಹೋಮ್ಸ್ ಮಾತ್ರ ಕೊನೆಯವರೆಗೂ ಇವರಿಗೆ ಸಂದರ್ಶನ ಕೊಡಲಿಲ್ಲ, ಆ ಖಾಲಿ ಜಾಗ ಪುಸ್ತಕದಲ್ಲಿ ಕಾಣುತ್ತದೆ. ಅವರು ಮನಸ್ಸಿನಲ್ಲಿ ಏನಂದುಕೊಂಡಿದ್ದರು ಅನ್ನುವುದಕ್ಕೆ ಉತ್ತರ ಇಲ್ಲ. ಲೇಖಕ ಕಟ್ಟಿಕೊಟ್ಟೂ ಇಲ್ಲ, ಅದು ಒಳ್ಳೆಯದೇ.

ಪತ್ರಿಕೆ ಬಗ್ಗೆ ಎರಡು ವಿಷಯ. 2013ರಲ್ಲಿ ಥೆರಾನೋಸ್‌ನ ಹೊಗಳಿ ಮೊದಲ ದೊಡ್ಡ ಬರಹ ಹಾಕಿದ್ದು ಇದೇ ವಾಲ್ ಸ್ಟ್ರೀಟ್ ಜರ್ನಲ್, ಅಭಿಪ್ರಾಯ ಪುಟದಲ್ಲಿ. ಎರಡು ವರ್ಷ ಆದ ಮೇಲೆ ಸುದ್ದಿ ವಿಭಾಗ ಅದನ್ನು ಬಯಲು ಮಾಡಿತು. ಎರಡನೆಯದು ಮರ್ಡೋಕ್. ಪತ್ರಿಕೆ ಅವರದು, ಥೆರಾನೋಸ್‌ಗೆ ಹಾಕಿದ ದುಡ್ಡೂ ಅವರದು. ವರದಿ ಬರುವ ಮುಂಚೆ ಹೋಮ್ಸ್ ಮರ್ಡೋಕ್‌ರನ್ನು ಕಂಡು ಇದನ್ನು ನಿಲ್ಲಿಸಿ ಅನ್ನುವ ಅರ್ಥದಲ್ಲಿ ಮಾತಾಡಿದರು, ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ ವರದಿಗಾರ ತನ್ನ ಮೇಜಿನ ಮುಂದೆ ಕೂತಿದ್ದರು. ಮರ್ಡೋಕ್ ಸಂಪಾದಕರು ನೋಡಿಕೊಳ್ಳುತ್ತಾರೆ ಅಂದುಬಿಟ್ಟರು. ಆಮೇಲೆ ತಮ್ಮ 12.5 ಕೋಟಿಯ ಷೇರನ್ನು ಕಂಪನಿಗೇ ಒಂದು ಡಾಲರ್‌ಗೆ ಮಾರಿ ತೆರಿಗೆಯಲ್ಲಿ ನಷ್ಟ ತೋರಿಸಿಕೊಂಡರು. ಆ ಮನುಷ್ಯನ ಬಗ್ಗೆ ನನಗೆ ಒಳ್ಳೆಯ ಮಾತು ಕಡಿಮೆ, ಇಲ್ಲಿ ಮಾತ್ರ ಒಂದು ಹೇಳಬೇಕಾಯಿತು.

ಮೂರನೇ ಬೆಂಚು:

ಯಾರೂ ಟೈಲರ್ ಶುಲ್ಟ್ಸ್ ಬಗ್ಗೆ ಬರೆದಿಲ್ಲ ಯಾಕೆ? ನನಗೆ ಇಡೀ ಪುಸ್ತಕದಲ್ಲಿ ಉಳಿದದ್ದು ಆ ಹುಡುಗನ ಕಥೆ. ಬೋರ್ಡಿನಲ್ಲಿದ್ದ ಜಾರ್ಜ್ ಶುಲ್ಟ್ಸ್ ಅವರ ಮೊಮ್ಮಗ. ಅಜ್ಜನ ಮನೆಯಲ್ಲೇ ಹೋಮ್ಸ್‌ರನ್ನು ಕಂಡು, ಮೆಚ್ಚಿ, ಕಂಪನಿ ಸೇರಿದವನು. ಲ್ಯಾಬಿನ ಅಂಕಿ ಹೊಂದುತ್ತಿಲ್ಲ ಅಂತ ಕಂಡು ಹೋಮ್ಸ್‌ಗೆ ಮೇಲ್ ಬರೆದ. ಉತ್ತರ ಬಂದದ್ದು ಬಲ್ವಾನಿಯಿಂದ, ಮುಖಕ್ಕೆ ಹೊಡೆದ ಹಾಗೆ. ಕೆಲಸ ಬಿಟ್ಟ.

ಆಮೇಲೆ ಆ ದೃಶ್ಯ. ವರದಿಗಾರನಿಗೆ ವಿಷಯ ಹೇಳಿದ್ದಾನೆ ಅನ್ನುವ ಅನುಮಾನದ ಮೇಲೆ ಅಜ್ಜ ಕರೆಯುತ್ತಾರೆ. ವಕೀಲರು ಬೇಡ, ನಾವಿಬ್ಬರೇ ಮಾತಾಡೋಣ ಅಜ್ಜ ಅಂತ ಇವನು ಕೇಳಿಕೊಂಡು ಹೋಗುತ್ತಾನೆ. ಸ್ವಲ್ಪ ಹೊತ್ತು ಮಾತು. ಆಮೇಲೆ ಅಜ್ಜ, ಮೇಲೆ ಥೆರಾನೋಸ್‌ನ ಇಬ್ಬರು ವಕೀಲರು ಇದ್ದಾರೆ, ಕರೆಯಲಾ ಅನ್ನುತ್ತಾರೆ. ಅವರು ಮಹಡಿ ಇಳಿದು ಬರುತ್ತಾರೆ, ಕಾಗದ ಕೈಯಲ್ಲಿ. ಸಹಿ ಹಾಕು ಅಂತ. ಅವನು ಹಾಕಲಿಲ್ಲ. ಅಪ್ಪ ಅಮ್ಮ ಅವನ ವಕೀಲರಿಗೆ ನಾಲ್ಕು ಲಕ್ಷ ಡಾಲರ್‌ಗಿಂತ ಜಾಸ್ತಿ ಖರ್ಚು ಮಾಡಿದರು. ಅಜ್ಜ ಮೊಮ್ಮಗನ ಮಾತು ಬಿಟ್ಟು ಹೋಮ್ಸ್ ಮಾತು ನಂಬಿದರು. ತೊಂಬತ್ತು ದಾಟಿದ ಮನುಷ್ಯ, ಒಂದು ಕಾಲದಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿ. ಮನೆಯ ಹುಡುಗನ ಮಾತು ಯಾಕೆ ಕಿವಿಗೆ ಬೀಳಲಿಲ್ಲ ಅಂತ ಯೋಚಿಸಿದರೆ ಬೋರ್ಡು, ಷೇರು, ಮತ ಇದ್ಯಾವುದೂ ಉತ್ತರ ಕೊಡಲ್ಲ.

ಪುಟದ ಮಡಿಕೆ:

ಅದರ ಜೊತೆಗೆ ಆ ವಿಜ್ಞಾನಿಯದೂ ಇದೆ, ಇಯಾನ್ ಗಿಬ್ಬನ್ಸ್. 2013ರಲ್ಲಿ ತೀರಿಕೊಂಡರು. ಅವರ ಹೆಂಡತಿ ಕಂಪನಿಗೆ ಫೋನ್ ಮಾಡಿ ಸಾವಿನ ಸುದ್ದಿ ತಿಳಿಸಿದರೆ, ಕಂಪನಿಯಿಂದ ಬಂದದ್ದು ಅವರ ಹತ್ತಿರ ಇರುವ ಕಂಪನಿ ಸಾಮಾನು, ಕಾಗದಪತ್ರ ವಾಪಸ್ ಕೊಡಿ ಅನ್ನುವ ಮಾತು. ಅಲ್ಲಿ ನಾನು ಪುಸ್ತಕ ಕೆಳಗಿಟ್ಟು ಎದ್ದು ಓಡಾಡಿದೆ.

ಕೋಡ್ ಸಾಕು:

ಒಂದು ಸಂಶಯ. ಸರ್ಕಾರದ ತಪಾಸಣೆ ಅಂತ ಒಂದು ಇರುತ್ತದಲ್ಲ? ಇಷ್ಟು ವರ್ಷ ಅವರು ಎಲ್ಲಿದ್ದರು? ನಾನು ಆ ಅಧ್ಯಾಯ ವೇಗವಾಗಿ ಓದಿಬಿಟ್ಟೆ ಅನ್ನಿಸುತ್ತದೆ.

ಲ್ಯಾಬ್ ಮೇಜು:

ಬಂದಿದ್ದರು. 2013ರ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ಆರೋಗ್ಯ ಇಲಾಖೆಯಿಂದ ಒಬ್ಬರು ಲ್ಯಾಬ್ ನೋಡಲು ಬಂದರು. ಥೆರಾನೋಸ್‌ನಲ್ಲಿ ಎರಡು ಲ್ಯಾಬ್. ಮೇಲಿನ ಮಹಡಿಯಲ್ಲಿ ಬೇರೆ ಕಂಪನಿಗಳ ಯಂತ್ರ ಇಟ್ಟ ಕೋಣೆ, ಅದಕ್ಕೆ ಇವರೇ ಇಟ್ಟ ಹೆಸರು ಜುರಾಸಿಕ್ ಪಾರ್ಕ್. ಕೆಳಗೆ ಎಡಿಸನ್ ಇದ್ದ ಕೋಣೆ, ಅದರ ಹೆಸರು ನಾರ್ಮಂಡಿ. ಬಂದವರಿಗೆ ತೋರಿಸಿದ್ದು ಮೇಲಿನದು ಮಾತ್ರ. ಅವರು ಇರುವಷ್ಟು ಹೊತ್ತು ನಾರ್ಮಂಡಿ ಬಾಗಿಲಲ್ಲಿ ಯಾರೂ ಹೋಗಿ ಬಂದು ಮಾಡಬಾರದು ಅಂತ ಸಿಬ್ಬಂದಿಗೆ ಹೇಳಿದ್ದರು.

ಕಾನೂನಿನಲ್ಲೂ ತೂತು ಇತ್ತು. ಯಂತ್ರ ಮಾಡಿ ಬೇರೆಯವರಿಗೆ ಮಾರಿದರೆ ಔಷಧಿ, ವೈದ್ಯಕೀಯ ಸಾಧನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ ನೋಡುತ್ತದೆ. ಲ್ಯಾಬ್ ನಡೆಸುವುದನ್ನು ಸಿಎಂಎಸ್ ಅನ್ನುವ ಇನ್ನೊಂದು ಸಂಸ್ಥೆ ನೋಡುತ್ತದೆ. ಲ್ಯಾಬ್ ತಾನೇ ಒಂದು ವಿಧಾನ ಕಂಡುಹಿಡಿದು ತನ್ನಲ್ಲೇ ಬಳಸಿದರೆ? ಅದು ಎರಡರ ನಡುವೆ ಬೀಳುತ್ತಿತ್ತು. ಥೆರಾನೋಸ್ ಕೂತದ್ದು ಸರಿಯಾಗಿ ಆ ಜಾಗದಲ್ಲಿ. ಎರಿಕಾ ಚಂಗ್ 2015ರಲ್ಲಿ ಸಿಎಂಎಸ್‌ಗೆ ಪತ್ರ ಬರೆದ ಮೇಲೆ ಗಟ್ಟಿ ತಪಾಸಣೆ ಆಯಿತು. 2016ರ ಜನವರಿಯಲ್ಲಿ ರೋಗಿಗಳ ಜೀವಕ್ಕೆ ತಕ್ಷಣದ ಅಪಾಯ ಇದೆ ಅಂತ ಪತ್ರ ಕೊಟ್ಟರು. ಆ ಅಪಾಯ ಕಂಡದ್ದು ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಪರೀಕ್ಷೆಯಲ್ಲಿ. ರಕ್ತ ತೆಳು ಮಾಡುವ ಮಾತ್ರೆ ಎಷ್ಟು ಕೊಡಬೇಕು ಅಂತ ಡಾಕ್ಟರ್ ಅದನ್ನು ನೋಡಿಯೇ ತೀರ್ಮಾನ ಮಾಡುವುದು. ಕೊನೆಗೆ ಕ್ಯಾಲಿಫೋರ್ನಿಯಾ, ಅರಿಜೋನಾ ಸೇರಿ ಸುಮಾರು ಹತ್ತು ಲಕ್ಷ ಫಲಿತಾಂಶಗಳನ್ನು ರದ್ದು ಮಾಡಿದರು ಅಥವಾ ತಿದ್ದಿದರು.

ಕರಿಕೋಟು:

ಪುಸ್ತಕ ನಿಲ್ಲುವುದು 2018ಕ್ಕೆ, ಕೇಸು ಅಲ್ಲಿಂದ ಮುಂದೆ. ಯಾರಾದರೂ ಈಗ ಓದುತ್ತಿದ್ದರೆ ತೀರ್ಪನ್ನೂ ಜೊತೆಗೆ ಇಟ್ಟುಕೊಂಡು ಓದಿ.

2022ರ ಜನವರಿಯಲ್ಲಿ ಜ್ಯೂರಿ ಹೋಮ್ಸ್‌ರನ್ನು ನಾಲ್ಕು ಆರೋಪಗಳಲ್ಲಿ ತಪ್ಪಿತಸ್ಥೆ ಅಂದಿತು. ನಾಲ್ಕೂ ಹೂಡಿಕೆದಾರರಿಗೆ ಮೋಸ ಮಾಡಿದ್ದಕ್ಕೆ. ರೋಗಿಗಳಿಗೆ ಮೋಸ ಮಾಡಿದ ಆರೋಪಗಳಲ್ಲಿ ಬಿಡುಗಡೆ. ಉಳಿದ ಮೂರರಲ್ಲಿ ಜ್ಯೂರಿಗೆ ಒಮ್ಮತ ಬರಲಿಲ್ಲ. ಶಿಕ್ಷೆ 11 ವರ್ಷ 3 ತಿಂಗಳು, 2023ರ ಮೇನಲ್ಲಿ ಜೈಲಿಗೆ ಹೋದರು. ಬಲ್ವಾನಿ ವಿಚಾರಣೆ ಬೇರೆ ನಡೆಯಿತು, ಅವರನ್ನು 12 ಆರೋಪಗಳಲ್ಲೂ, ರೋಗಿಗಳದ್ದೂ ಸೇರಿ, ತಪ್ಪಿತಸ್ಥ ಅಂದರು. ಸುಮಾರು 13 ವರ್ಷ. ಇಬ್ಬರೂ ಸೇರಿ 45.2 ಕೋಟಿ ಡಾಲರ್ ಪರಿಹಾರ ಕೊಡಬೇಕು ಅಂತ ಆದೇಶ ಆಯಿತು, ಅದರಲ್ಲಿ ಮರ್ಡೋಕ್ ಅವರ 12.5 ಕೋಟಿಯೂ ಇದೆ. ಅರಿಜೋನಾದಲ್ಲಿ ದುಡ್ಡು ಕೊಟ್ಟು ಪರೀಕ್ಷೆ ಮಾಡಿಸಿಕೊಂಡವರಿಗೆ 2017ರಲ್ಲಿ ವಾಪಸ್ ಬಂದದ್ದು ಒಟ್ಟು 46.5 ಲಕ್ಷ ಡಾಲರ್.

ಅರ್ಧಕ್ಕೆ ನಿಂತವರಿಗೆ ಇದು ಇಷ್ಟ ಆಗಬಹುದು. ಅಲ್ಲ, ಸಿಟ್ಟು ಬರಬಹುದು.

ಅರ್ಧಕ್ಕೆ ನಿಂತವ:

ಸಿಟ್ಟೇ ಬಂತು ಸರ್. ರೋಗಿಗಳ ವಿಷಯದಲ್ಲಿ ಬಿಟ್ಟದ್ದು ಹೇಗೆ? ಹತ್ತು ಲಕ್ಷ ಫಲಿತಾಂಶ ರದ್ದು ಮಾಡಿದ್ದು ಕಣ್ಣಿಗೆ ಕಾಣಲಿಲ್ವಾ?

ಕರಿಕೋಟು:

ಕಾನೂನಿನ ಕಣ್ಣಲ್ಲಿ ಕೇಳಬೇಕಾದ್ದು ಬೇರೆ. ಆರೋಪ ವಂಚನೆಯದು. ಹೂಡಿಕೆದಾರರ ಜೊತೆ ಹೋಮ್ಸ್ ಮುಖಾಮುಖಿ ಕೂತು ಮಾತಾಡಿದ್ದಾರೆ, ಮೇಲ್ ಇದೆ, ಔಷಧಿ ಕಂಪನಿಗಳ ಲೋಗೋ ತಾವೇ ಅಂಟಿಸಿ ಕಳಿಸಿದ ವರದಿ ಇದೆ. ದುಡ್ಡು ಬ್ಯಾಂಕಿನಿಂದ ಬ್ಯಾಂಕಿಗೆ ಹೋದ ದಿನಾಂಕ ಇದೆ. ರೋಗಿಗಳನ್ನು ಅವರು ಕಂಡೇ ಇಲ್ಲ. ನಡುವೆ ಅಂಗಡಿ, ಜಾಹೀರಾತು, ಡಾಕ್ಟರ್, ಲ್ಯಾಬ್ ನಿರ್ದೇಶಕ ಎಲ್ಲ ಬರುತ್ತಾರೆ. ಬಲ್ವಾನಿ ದಿನನಿತ್ಯ ಲ್ಯಾಬ್ ನೋಡಿಕೊಳ್ಳುತ್ತಿದ್ದರು, ಅದಕ್ಕೇ ಅವರ ಜ್ಯೂರಿ ಬೇರೆ ಥರ ನೋಡಿರಬಹುದು ಅನ್ನುವುದು ನನ್ನ ಊಹೆ.

ಲ್ಯಾಬ್ ಮೇಜು:

ಡೇಟಾಬೇಸ್ ಕಥೆ ಹೇಳಲಿಲ್ಲವಲ್ಲ ನೀವು.

ಕರಿಕೋಟು:

ನೀವೇ ಹೇಳಿ, ಅದು ನಿಮ್ಮ ವಿಷಯ.

ಲ್ಯಾಬ್ ಮೇಜು:

ಎಲ್ಲ ರೋಗಿಗಳ ಫಲಿತಾಂಶ, ಕಂಟ್ರೋಲ್ ದಾಖಲೆ ಎಲ್ಲ ಇದ್ದ ಲ್ಯಾಬ್ ಡೇಟಾಬೇಸ್ ಒಂದು ಇತ್ತು. ಯಾವ ಪರೀಕ್ಷೆ ಎಷ್ಟು ಸಲ ತಪ್ಪಿತು ಅಂತ ಲೆಕ್ಕ ಹಾಕಲು ಅದೇ ಬೇಕು. 2018ರ ಆಗಸ್ಟ್‌ನಲ್ಲಿ, ಕಂಪನಿ ಮುಚ್ಚುವ ಸ್ವಲ್ಪ ಮುಂಚೆ, ಅದರ ಪ್ರತಿಯನ್ನು ಸರ್ಕಾರಕ್ಕೆ ಕೊಟ್ಟರು. ಬೀಗ ಹಾಕಿದ ಪ್ರತಿ, ತೆರೆಯಲು ಬೇಕಾದ ಕೀ ಜೊತೆಗಿಲ್ಲ. ಆಮೇಲೆ ಮೂಲ ಸರ್ವರ್‌ಗಳನ್ನು ಬಿಚ್ಚಿಹಾಕಿದರು. ಸರ್ಕಾರದ ವಕೀಲರು ಕಂಪನಿ ನಾಶ ಮಾಡಿತು ಅಂದರು, ಹೋಮ್ಸ್ ಕಡೆಯವರು ನೀವೇ ಸಮಯಕ್ಕೆ ತೆಗೆದುಕೊಳ್ಳಲಿಲ್ಲ ಅಂದರು. ಯಾರದೇ ತಪ್ಪಿರಲಿ, ಕೋರ್ಟಿಗೆ ಒಟ್ಟು ಲೆಕ್ಕ ಬರಲಿಲ್ಲ. ಬಂದದ್ದು ಒಬ್ಬೊಬ್ಬ ರೋಗಿಯ ಸಾಕ್ಷಿ ಮಾತ್ರ.

ಕೋಡ್ ಸಾಕು:

ಬ್ಯಾಕಪ್ ತೆಗೆದುಕೊಂಡವರು ಅದನ್ನು ತೆರೆದು ನೋಡಲೇ ಇಲ್ಲ ಅಂತಾಯಿತು. ಇದು ಪುಸ್ತಕದಲ್ಲಿ ಇಲ್ಲ ಅಲ್ವಾ?

ಲ್ಯಾಬ್ ಮೇಜು:

ಇಲ್ಲ. ಪುಸ್ತಕ ಬಂದದ್ದು ಮೇ ತಿಂಗಳಲ್ಲಿ, ಇದು ಆದದ್ದು ಆಗಸ್ಟ್‌ನಲ್ಲಿ. ಕೇಸಿನ ಕಾಗದಗಳಲ್ಲಿ ಸಿಗುತ್ತದೆ.

ಅರ್ಧಕ್ಕೆ ನಿಂತವ:

ಸರಿ, ಇಷ್ಟೆಲ್ಲ ಕೇಳಿದ ಮೇಲೆ ಉಳಿದರ್ಧ ಓದುತ್ತೇನೆ. ಹೆಸರುಗಳ ಹಾಳೆ ಯಾರಾದರೂ ಮಾಡಿಟ್ಟಿದ್ದರೆ ಇಲ್ಲಿ ಹಾಕಿ ಪುಣ್ಯ ಕಟ್ಟಿಕೊಳ್ಳಿ.